ಯಂತ್ರ ಉಸಿರಾಡಿಸುತ್ತದೆ, ಜೀವ ಕಾಯುವುದು ಕೈ



ನಮ್ಮ ಊರುಗಳಲ್ಲಿ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಲಕ್ಷ್ಯ ಇರುವುದಿಲ್ಲ. “ಅಂವಗ ವೆಂಟಿಲೇಟರ್ ಹಚ್ಯಾರಂತ!” ಅಷ್ಟೇ. ಕೇಳಿದವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಪರಊರಿನ ಬೀಗರಿಗೆ ಫೋನು ಹೋಗುತ್ತದೆ. ಮನುಷ್ಯ ಇನ್ನೂ ಬದುಕಿರುವಾಗಲೇ ಮನೆಯಲ್ಲಿ ಮುಂದಿನ ಏರ್ಪಾಟಿನ ಮಾತು ಶುರುವಾಗುತ್ತದೆ.

ನಾನೂ ಹಾಗೆಯೇ ತಿಳಿದವಳು. ಎರಡು ವರ್ಷದ ಹಿಂದೆ ನನ್ನ ಮೈದುನನಿಗೆ ಆ ಯಂತ್ರ ಹಚ್ಚಿದಾಗ ನಾನೂ ಗೋಡೆಗೆ ಒರಗಿ ಅತ್ತೆ. ಆದರೆ ಒಂಬತ್ತು ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು, ಒಳಗೆ ಹೋಗಿ ಬಂದು ನಾನು ಕಂಡದ್ದೇ ಬೇರೆ. ಅದನ್ನು ನಿಮ್ಮ ಮುಂದೆ ಹೇಳಬೇಕೆಂದು ಬರೆಯುತ್ತಿದ್ದೇನೆ. ನಾನು ಡಾಕ್ಟರಳಲ್ಲ, ಮ್ಯಾಟ್ರಿಕ್ ಓದಿದ ಗೃಹಿಣಿ. ಆದರೂ ಅಲ್ಲಿಯ ಸಿಸ್ಟರುಗಳು ಬಿಡಿಸಿ ಬಿಡಿಸಿ ಹೇಳಿದ್ದು, ಆಮೇಲೆ ನಾನು ಕೇಳಿ ಓದಿ ತಿಳಿದದ್ದು ನಿಮಗೂ ಗೊತ್ತಿರಲಿ. ಇಂಥ ಕಾಲ ಯಾರ ಮನೆಗೂ ಬರುವುದು ಬೇಡ. ಬಂದರೆ ಮಾತ್ರ ತಿಳಿವಳಿಕೆ ಜೊತೆಗಿರಲಿ.

ಹತ್ತಿಯ ಹೊಲದಿಂದ ಆಸ್ಪತ್ರೆಗೆ

ನಮ್ಮ ಮೊರಬ ನವಲಗುಂದ ತಾಲೂಕಿನ ಎರೆ ಭೂಮಿಯ ಊರು. ಹೆಸರು, ಹತ್ತಿ, ಕಡಲೆ, ಜೋಳ, ಇವೇ ನಮ್ಮ ಜೀವನ. ಪಂಚಮಿ ಹಬ್ಬ ಮುಗಿದು ಹತ್ತಿ ಮೊಣಕಾಲೆತ್ತರ ಬಂದಾಗ ಎಣ್ಣೆ ಹೊಡೆಯುವ ಕೆಲಸ ಶುರು. ಪೀಡೆನಾಶಕಕ್ಕೆ ನಮ್ಮ ಕಡೆ ‘ಎಣ್ಣೆ’ ಎನ್ನುವುದೇ ರೂಢಿ. ಆ ಹೆಸರೇ ಅದರ ವಿಷವನ್ನು ಮರೆಸುತ್ತದೆಯೋ ಏನೋ!

ಮೈದುನ ಅಂದು ಬೆಳಿಗ್ಗೆಯಿಂದ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದಿದ್ದ. ಗಾಳಿ ಎದುರು ಬೀಸುತ್ತಿತ್ತು. ಪಂಪು ಸೋರಿ ಅಂಗಿಯ ಬೆನ್ನೆಲ್ಲ ತೊಯ್ದಿತ್ತು. ಮಧ್ಯಾಹ್ನ ಮನೆಗೆ ಬಂದವನೇ “ವೈನಿ, ತಲಿ ತಿರಗಾಕತ್ತೇತಿ” ಎಂದು ಪಡಸಾಲೆಯಲ್ಲಿ ಬಿದ್ದುಕೊಂಡ. ವಾಂತಿ, ಬೆವರು, ಬಾಯಲ್ಲಿ ಜೊಲ್ಲು. ನಾವೇನು ಮಾಡಿದೆವು? ಬಿಸಿಲು ಬಡಿದಿದೆ, ಪಿತ್ತವಾಗಿದೆ ಎಂದುಕೊಂಡು ಲಿಂಬೆ ಪಾನಕ ಕುಡಿಸಿದೆವು. ತೊಯ್ದ ಅಂಗಿಯನ್ನು ಸಹ ತೆಗೆಯಲಿಲ್ಲ. ಎರಡು ತಾಸು ಹಾಗೇ ಹೋಯಿತು. ಆ ತಪ್ಪು ನಮ್ಮದೇ, ಬೇರೆ ಯಾರದೂ ಅಲ್ಲ.

ಈಗ ತಿಳಿದಿದೆ. ಈ ಜಾತಿಯ ಪೀಡೆನಾಶಕಗಳು ಹೊಟ್ಟೆಗೆ ಹೋಗಲೇಬೇಕೆಂದಿಲ್ಲ, ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಸೇರುತ್ತವೆ. ನರದಿಂದ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನು ಸರಿಯಾದ ವೇಳೆಗೆ ನಿಲ್ಲಿಸುವ ಒಂದು ಪದಾರ್ಥ ನಮ್ಮ ಮೈಯಲ್ಲಿದೆ. ವಿಷ ಅದನ್ನೇ ಕಟ್ಟಿಹಾಕುತ್ತದೆ. ಆಗ ಕಣ್ಣು, ಮೂಗು, ಬಾಯಿ ಎಲ್ಲ ಸೋರುತ್ತವೆ. ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗುತ್ತದೆ. ಪುಪ್ಪುಸದ ತುಂಬ ಕಫ ತುಂಬುತ್ತದೆ. ಅಟ್ರೋಪಿನ್ ಸೂಜಿಯಿಂದ ಈ ಸೋರಿಕೆ ನಿಲ್ಲುತ್ತದೆ. ಆದರೆ ಮೋಸ ಅಲ್ಲೇ ಇದೆ! ಗುಣವಾಯಿತು ಎನ್ನುವ ಹೊತ್ತಿಗೆ, ಒಂದರಿಂದ ನಾಲ್ಕು ದಿನದೊಳಗೆ, ಕುತ್ತಿಗೆಯ ಮತ್ತು ಉಸಿರಾಟದ ಸ್ನಾಯುಗಳು ಸೋತುಬಿಡಬಹುದು. ರೋಗಿಗೆ ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಆಮೇಲೆ ಉಸಿರೂ ಸೋಲುತ್ತದೆ.

ನಮ್ಮ ಮೈದುನನಿಗೂ ಹಾಗೇ ಆಯಿತು. ಸೇರಿಸಿದ ಮರುದಿನ ಸಂಜೆ “ನೀರು ಕೊಡ್ರಿ” ಎಂದು ಮಾತಾಡಿದವನು ನಡುರಾತ್ರಿ ಉಸಿರಿಗೆ ಒದ್ದಾಡಿದ. ಬೆಳಗಾಗುವಷ್ಟರಲ್ಲಿ ಬಾಯಲ್ಲಿ ನಳಿಕೆ, ಪಕ್ಕದಲ್ಲಿ ಯಂತ್ರ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಯಾವ ಕಡೆಯವರಾದರೂ ಜಡ್ಡು ಬಿಗಡಾಯಿಸಿದರೆ ಮುಖ ಮಾಡುವುದು ಹುಬ್ಬಳ್ಳಿ-ಧಾರವಾಡದ ಕಡೆಗೇ. 1957ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಹಿರಿಯರ ಬಾಯಲ್ಲಿ ಅದು ಕೆ.ಎಂ.ಸಿ., ಆಮೇಲಿನವರ ಬಾಯಲ್ಲಿ ಕಿಮ್ಸ್. ಖಾಸಗಿಯವೂ ಬೇಕಾದಷ್ಟಿವೆ. ನಾವಿದ್ದದ್ದು ಯಾವುದರಲ್ಲಿ ಎಂಬುದು ಇಲ್ಲಿ ಮುಖ್ಯವಲ್ಲ, ಬಿಡಿ.

ಏನಿದು ಯಂತ್ರ?

ಕಮ್ಮಾರನ ಕುಲುಮೆಯ ತಿದಿ ನೋಡಿದ್ದೀರಲ್ಲ? ಒತ್ತಿದಾಗ ಗಾಳಿ ಒಳಗೆ ಹೋಗುತ್ತದೆ, ಬಿಟ್ಟಾಗ ನಿಲ್ಲುತ್ತದೆ. ವೆಂಟಿಲೇಟರ್ ಎಂದರೆ ಅಂಥದೇ ಒಂದು ಜಾಣ ತಿದಿ. ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸಿದ ನಳಿಕೆಯಿಂದ ಅದು ಆಮ್ಲಜನಕ ಬೆರೆತ ಗಾಳಿಯನ್ನು ಅಳತೆ ಮಾಡಿ ಒಳಗೆ ತಳ್ಳುತ್ತದೆ. ಗಾಳಿ ತನ್ನಷ್ಟಕ್ಕೇ ಹೊರಗೆ ಬರುತ್ತದೆ. ನಿಮಿಷಕ್ಕೆ ಎಷ್ಟು ಸಲ, ಸಲಕ್ಕೆ ಎಷ್ಟು ಗಾಳಿ, ಎಲ್ಲವನ್ನೂ ಡಾಕ್ಟರು ರೋಗಿಗೆ ತಕ್ಕಂತೆ ನಿಗದಿ ಮಾಡುತ್ತಾರೆ.

ಇದು ರೋಗಕ್ಕೆ ಮದ್ದಲ್ಲ. ಸೋತ ಎತ್ತಿನ ಬದಲು ಸ್ವಲ್ಪ ದಿನ ನೊಗಕ್ಕೆ ಹೆಗಲು ಕೊಡುವ ಬಾಡಿಗೆ ಎತ್ತು ಇದ್ದಂತೆ. ಅಷ್ಟರಲ್ಲಿ ಔಷಧಿಯೂ ಮೈಯೂ ಸೇರಿ ತಮ್ಮ ಕೆಲಸ ಮಾಡಬೇಕು. ನಾಗರಹಾವು ಕಚ್ಚಿ ಉಸಿರು ನಿಂತವರು, ನ್ಯುಮೋನಿಯಾದವರು, ಅಪಘಾತದಲ್ಲಿ ತಲೆಗೆ ಪೆಟ್ಟಾದವರು, ದೊಡ್ಡ ಆಪರೇಶನ್ ಆದವರು, ಹೀಗೆ ಎಷ್ಟೋ ಜನ ಇದರ ಮೇಲೆ ಕೆಲವು ದಿನ ಇದ್ದು ಮನೆಗೆ ನಡೆದು ಬಂದಿದ್ದಾರೆ. ಎಲ್ಲರೂ ಬರುವುದಿಲ್ಲ, ಅದೂ ನಿಜವೇ. ಆದರೆ ‘ಹಚ್ಚಿದರೆ ಮುಗಿಯಿತು’ ಎನ್ನುವುದು ಮಾತ್ರ ಸುಳ್ಳು.

ತೀರ್ಥದ ಬಾಟಲಿ

ಎರಡನೆಯ ದಿನ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ, ಇಬ್ಬರಿಗೆ ಮಾತ್ರ ಒಳಗೆ ಬಿಡುತ್ತಿದ್ದರು. ಅತ್ತೆಯವರು ಸೆರಗಿನಲ್ಲಿ ಪುಟ್ಟ ಬಾಟಲಿ ಮುಚ್ಚಿಟ್ಟುಕೊಂಡು ಬಂದಿದ್ದರು. ಮಠದಿಂದ ತರಿಸಿದ ತೀರ್ಥ. ಮಗನ ಹತ್ತಿರ ಹೋದವರೇ ಮುಚ್ಚಳ ತೆಗೆದು ಬಾಯಿಯ ಮೂಲೆಗೆ ಹನಿಸಲು ಬಾಗಿದರು. ಅಷ್ಟರಲ್ಲಿ ಸಿಸ್ಟರ್ ಓಡಿಬಂದು ಕೈ ಹಿಡಿದಳು.

ಅತ್ತೆಗೆ ಕೆಂಡದಂಥ ಸಿಟ್ಟು. “ಮಗನ ಬಾಯಿಗೆ ಒಂದ್ ಹನಿ ತೀರ್ಥ ಹಾಕಬಾರದೇನ ಯವ್ವಾ? ನೀ ಏನ್ ಮಂದಿ?” ಎಂದು ಜೋರು ಮಾಡಿದರು. ಆ ಹುಡುಗಿ ಕಲಘಟಗಿ ಕಡೆಯವಳು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಎದುರು ಮಾತಾಡಲಿಲ್ಲ. “ಅಮ್ಮಾ, ವಿಭೂತಿ ಹಚ್ಚರಿ, ನಾ ಬ್ಯಾಡ ಅನ್ನಂಗಿಲ್ಲ. ತೀರ್ಥ ಮಾತ್ರ ಬ್ಯಾಡ್ರಿ. ಅದು ಹೊಟ್ಟಿಗೆ ಹೋಗೂದಿಲ್ಲ, ಪುಪ್ಪುಸಕ್ಕ ಇಳೀತೈತಿ” ಎಂದಳು. ಅತ್ತೆಯವರ ಕೈಯಿಂದಲೇ ಮಗನ ಹಣೆಗೆ ವಿಭೂತಿ ಹಚ್ಚಿಸಿದಳು. ಆಮೇಲೆ ನನ್ನನ್ನು ಹೊರಗೆ ಕರೆದು ಬಿಡಿಸಿ ಹೇಳಿದಳು.

ಶ್ವಾಸನಾಳಕ್ಕೆ ಇಳಿಸಿದ ನಳಿಕೆಯ ತುದಿಗೆ ಒಂದು ಸಣ್ಣ ಬಲೂನು ಇರುತ್ತದಂತೆ. ಗಾಳಿ ಮೇಲಕ್ಕೆ ಸೋರದಂತೆ, ಬಾಯಿಯದು ಕೆಳಗೆ ಇಳಿಯದಂತೆ ಅದು ಬಿರಡೆಯ ಹಾಗೆ ಕೂರುತ್ತದೆ. ಆದರೂ ಪೂರ್ತಿ ಬಿಗಿಯಲ್ಲ. ಬಾಯಿಯ ನೀರು, ಜೊಲ್ಲು ಅದರ ಮೇಲೆ ನಿಂತು ಸಂದಿಯಿಂದ ಹನಿಹನಿಯಾಗಿ ಇಳಿಯುತ್ತದೆ. ಜೊತೆಗೆ ಬಾಯಿಯ ರೋಗಾಣು ಇಳಿದರೆ ನ್ಯುಮೋನಿಯಾ. ವಿಷದಿಂದ ಉಳಿದವನು ನ್ಯುಮೋನಿಯಾದಿಂದ ಹೋಗಬಹುದು! ಯಂತ್ರದ ಮೇಲಿರುವವರಿಗೆ ದೊಡ್ಡ ವೈರಿ ಎಂದರೆ ಇದೇ. ಇದನ್ನು ತಡೆಯುವುದು ಬಹುಮಟ್ಟಿಗೆ ಸಿಸ್ಟರುಗಳ ಕೈಯಲ್ಲಿದೆ.

ನಾನು ಅಂದೇ ಮೊದಲ ಸಲ ಯಂತ್ರ ಬಿಟ್ಟು ಆ ಹುಡುಗಿಯ ಕೈಯನ್ನು ನೋಡಿದೆ.

ಆ ಕೈಗಳು ಏನೇನು ಮಾಡುತ್ತವೆ?

ಮೊದಲನೆಯದು, ಕೈ ತೊಳೆಯುವುದು. ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ. ಒಂದು ಪಾಳಿಯಲ್ಲಿ ಎಷ್ಟು ಸಲವೋ ಲೆಕ್ಕವಿಲ್ಲ. ಅವಳ ಬೆರಳ ಸಂದಿಯ ಚರ್ಮ ನಮ್ಮ ಪಾತ್ರೆ ತಿಕ್ಕುವ ಕೈಯಂತೆಯೇ ಒಡೆದಿತ್ತು.

ಎರಡನೆಯದು, ಹಾಸಿಗೆಯ ತಲೆಯ ಕಡೆ ಎತ್ತರಿಸುವುದು. ಪೂರ್ತಿ ಮಲಗಿಸುವುದೂ ಇಲ್ಲ, ಪೂರ್ತಿ ಕೂರಿಸುವುದೂ ಇಲ್ಲ. 30ರಿಂದ 45 ಅಂಶದಷ್ಟು ಓರೆ. ಇದೇನು ದೊಡ್ಡ ವಿಷಯ ಎನ್ನುತ್ತೀರಾ? ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಮಾಡಿದ, 1999ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇದೆ. ಯಂತ್ರದ ಮೇಲಿದ್ದ 86 ರೋಗಿಗಳಲ್ಲಿ ಕೆಲವರನ್ನು ಸಪಾಟಾಗಿ, ಕೆಲವರನ್ನು ತಲೆ ಎತ್ತರಿಸಿ ಮಲಗಿಸಿದರು. ಸಪಾಟು ಮಲಗಿದವರಲ್ಲಿ ನೂರಕ್ಕೆ 34 ಜನರಿಗೆ ನ್ಯುಮೋನಿಯಾದ ಲಕ್ಷಣ ಕಂಡಿತು, ತಲೆ ಎತ್ತರಿಸಿದವರಲ್ಲಿ ನೂರಕ್ಕೆ 8 ಜನರಿಗೆ ಮಾತ್ರ. ಪೈಸೆ ಖರ್ಚಿಲ್ಲದ ಕೆಲಸ!

ಮೂರನೆಯದು, ಬಾಯಿಯ ಆರೈಕೆ. ಎಚ್ಚರವಿಲ್ಲದವನ ಹಲ್ಲು ತಿಕ್ಕುವುದನ್ನು ನಾನು ಅಲ್ಲಿಯೇ ಕಂಡದ್ದು. ಮೆತ್ತಗಿನ ಬ್ರಶ್ಶಿನಿಂದ ತಿಕ್ಕಿ, ಜೊತೆಜೊತೆಗೆ ನೀರನ್ನು ಸಣ್ಣ ನಳಿಕೆಯಿಂದ ಎಳೆದು, ತುಟಿಗೆ ಪಸೆ ಹಚ್ಚಿ... ಹೀಗೆ ಹಲ್ಲು ತಿಕ್ಕುವುದರಿಂದ ನ್ಯುಮೋನಿಯಾ ಕಡಿಮೆಯಾಗುತ್ತದೆಂದು ಇತ್ತೀಚಿನ ಸಂಶೋಧನೆಗಳೂ ಹೇಳುತ್ತವೆ.

ನಾಲ್ಕನೆಯದು, ಕಫ ಎಳೆಯುವುದು. ನಳಿಕೆ ಇದ್ದಾಗ ಕೆಮ್ಮಿ ಉಗಿಯಲು ಬರುವುದಿಲ್ಲ. ಎದೆಯಲ್ಲಿ ಗೊರಗೊರ ಸದ್ದಾದಾಗ, ಯಂತ್ರ ಕೂಗಿದಾಗ ಸಿಸ್ಟರ್ ಮೊದಲು ಹೆಚ್ಚು ಆಮ್ಲಜನಕ ಕೊಟ್ಟು, ಶುದ್ಧವಾದ ತೆಳು ನಳಿಕೆ ಇಳಿಸಿ ಕಫ ಎಳೆಯುತ್ತಾಳೆ. ಅಷ್ಟು ಹೊತ್ತು ರೋಗಿಗೆ ಉಸಿರು ಸರಿಯಾಗಿ ಸಿಕ್ಕದ ಕಾರಣ 15 ಸೆಕೆಂಡು ಮೀರಬಾರದು. ನೋಡುವವರಿಗೆ ಕರುಳು ಹಿಂಡಿದಂತಾಗುತ್ತದೆ. ಆದರೆ ಕಫ ಗಟ್ಟಿಯಾಗಿ ನಳಿಕೆ ಕಟ್ಟಿದರೆ ಎಷ್ಟು ಬೆಲೆಯ ಯಂತ್ರವಿದ್ದರೇನು ಫಲ?

ಐದನೆಯದು, ನಳಿಕೆಯ ಕಾವಲು. ನಳಿಕೆಯ ಮೇಲೆ ಅಳತೆಪಟ್ಟಿಯ ಹಾಗೆ ಅಂಕಿ ಇರುತ್ತವೆ. ತುಟಿಯ ಬಳಿ ಯಾವ ಅಂಕಿ ಇದೆ ಎಂದು ಪಾಳಿಪಾಳಿಗೂ ನೋಡಿ ಬರೆಯಬೇಕು. ಎರಡು ಬೆರಳು ಒಳಗೆ ಸರಿದರೆ ಒಂದೇ ಪುಪ್ಪುಸಕ್ಕೆ ಗಾಳಿ, ಹೊರಗೆ ಸರಿದರೆ ಪ್ರಾಣಕ್ಕೇ ಕುತ್ತು. ಆ ಬಲೂನಿನ ಒತ್ತಡವನ್ನೂ ಅಳೆಯುತ್ತಾರೆ. ಸಡಿಲವಾದರೆ ಜೊಲ್ಲು ಇಳಿಯುತ್ತದೆ, ಬಿಗಿಯಾದರೆ ಶ್ವಾಸನಾಳದ ಒಳಗೋಡೆ ನವೆಯುತ್ತದೆ.

ಇನ್ನೂ ಇದೆ. ರೆಪ್ಪೆ ಪೂರ್ತಿ ಮುಚ್ಚದವರ ಕಣ್ಣು ಒಣಗಿ ಹುಣ್ಣಾಗದಂತೆ ಔಷಧಿ ಹಾಕುವುದು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು. ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಗೆ ಹಾಸಿಗೆ ಹುಣ್ಣು. ರಕ್ತ ಹೆಪ್ಪುಗಟ್ಟದಂತೆ ಕೈಕಾಲು ಮಡಿಸಿ ಬಿಡಿಸುವುದು. ಮೂಗಿನ ನಳಿಕೆಯಿಂದ ಹೊಟ್ಟೆಗೆ ಅಳತೆಯ ಆಹಾರ ಹಾಕುವುದು. ಮೂತ್ರದ ಲೆಕ್ಕ ಬರೆಯುವುದು. ಮೈ ಒರೆಸುವುದು. ಯಂತ್ರಕ್ಕೇನಾದರೂ ಆದರೆ ಆ ಕ್ಷಣಕ್ಕೆ ಬೇಕಾಗುವ, ಕೈಯಿಂದ ಒತ್ತುವ ಗಾಳಿಚೀಲ ತಲೆದೆಸೆಗೆ ಇದೆಯೇ ಎಂದು ನೋಡುವುದು. ಬಾಣಂತನ ಮಾಡಿದ ನಮಗೆ ಗೊತ್ತಲ್ಲ, ಮಾತು ಬಾರದ ಕೂಸನ್ನು ನೋಡಿಕೊಳ್ಳುವ ಕಷ್ಟ? ಇಲ್ಲಿ ಆರಡಿಯ ಆಳೇ ಕೂಸು!

ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂದು ನಮ್ಮ ದೇಶದ ತೀವ್ರ ನಿಗಾ ವೈದ್ಯರ ಸಂಘದ ಶಿಫಾರಸಿದೆ. ಆದರೆ ನಡೆಯುವುದು? ಒಂದು ರಾತ್ರಿ ಆ ಹುಡುಗಿ ಒಬ್ಬಳೇ ಮೂರು ಹಾಸಿಗೆಗೆ ಓಡಾಡುವುದನ್ನು ಗಾಜಿನಾಚೆಯಿಂದ ಕಂಡೆ. ಕುಡಿಯಲು ಇಟ್ಟುಕೊಂಡ ಚಹಾ ಬೆಳತನಕ ಹಾಗೇ ಇತ್ತು.

ಯಂತ್ರಕ್ಕಿಂತ ಮೊದಲು ಕೈಯೇ ಇತ್ತು

ಒಂದು ಸೋಜಿಗದ ಸಂಗತಿ ಕೇಳಿ. 1952ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತು. ಉಸಿರಿನ ಸ್ನಾಯು ಸೋತ ಮಕ್ಕಳು ಸಾಲುಸಾಲಾಗಿ ಆಸ್ಪತ್ರೆಗೆ ಬಂದರು. ಮೊದಲ ವಾರಗಳಲ್ಲಿ ಅಂಥವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಜನ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಲ್ಲಿ ರಂಧ್ರ ಮಾಡಿಸಿ, ನಳಿಕೆ ಕೂರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ಕೊಟ್ಟರು. ಹುಡುಗಿ ಉಳಿದಳು. ಆದರೆ ಅಷ್ಟು ರೋಗಿಗಳಿಗೆ ಯಂತ್ರ ಎಲ್ಲಿಂದ ತರುವುದು? ಸುಮಾರು 1500 ಮೆಡಿಕಲ್ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಯ ಪಕ್ಕ ಕೂತು, ಹಗಲೂ ರಾತ್ರಿ ಚೀಲ ಒತ್ತಿದರು. ಸಾವು ಅರ್ಧಕ್ಕಿಂತಲೂ ಕಡಿಮೆಯಾಯಿತು. ಇಂದಿನ ತೀವ್ರ ನಿಗಾ ಘಟಕಗಳ ಮೂಲ ಅದೇ.

ನಮ್ಮ ಕಾಲಕ್ಕೆ ಬನ್ನಿ. 2020ರಲ್ಲಿ ಕೊರೋನಾ ಬಂದಾಗ ದೇಶಕ್ಕೆಲ್ಲ ವೆಂಟಿಲೇಟರ್ ಬೇಕಾದವು. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸದಂತೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 30,000 ಯಂತ್ರಗಳನ್ನು ತಯಾರಿಸುವ ಹೊಣೆ ಹೊತ್ತಿತು. ನಮ್ಮ ಕನ್ನಡ ನಾಡಿಗೆ ಹೆಮ್ಮೆಯ ಮಾತು. ಆದರೆ 2021ರ ಎರಡನೆಯ ಅಲೆಯಲ್ಲಿ ದೇಶದ ಎಷ್ಟೋ ಊರುಗಳಲ್ಲಿ ಯಂತ್ರ ಬಂದು ಕೂತರೂ ಅದನ್ನು ನಡೆಸಿ ರೋಗಿಯನ್ನು ನೋಡಿಕೊಳ್ಳುವ ತರಬೇತಿಯ ಕೈಗಳು ಸಾಲಲಿಲ್ಲ. ಯಂತ್ರವನ್ನು ತಿಂಗಳಲ್ಲಿ ಮಾಡಬಹುದು, ಒಬ್ಬ ಒಳ್ಳೆಯ ಸಿಸ್ಟರ್ ತಯಾರಾಗಲು ವರ್ಷಗಳೇ ಬೇಕು.

ನಾಲ್ಕನೆಯ ದಿನದ ಪಂಚಾಯಿತಿ

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಯಂತ್ರ ಹಚ್ಚಿದ ನಾಲ್ಕನೆಯ ದಿನ ಊರಿನಿಂದ ಕಾಕಾ, ಬೀಗರು, ಇನ್ನೂ ಇಬ್ಬರು ಹಿರಿಯರು ಬಂದರು. ಅದಾಗಲೇ ನನ್ನ ಪಾಟ್ಲಿ, ಬಿಲ್ವಾರ ಅಡ ಇಟ್ಟಾಗಿತ್ತು. ಮೊಗಸಾಲೆಯಲ್ಲೇ ಪಂಚಾಯಿತಿ ಕೂತಿತು. “ಸತ್ತವರಿಗೂ ಮಷೀನ ಹಚ್ಚಿ ಬಿಲ್ ಮಾಡತಾರ. ಅಂವ ಅಲ್ಲಾಡೂದಿಲ್ಲ, ಮಾತಾಡೂದಿಲ್ಲ. ಉಳದ ಹೊಲಾನರ ಉಳಿಸ್ಕೋಳ್ರಿ. ಮನಿಗೆ ಒಯ್ಯೂಣು” ಎಂದರು ಕಾಕಾ. ನನ್ನ ಯಜಮಾನರು ತಲೆ ತಗ್ಗಿಸಿದರು. ತಂಗಿಯಂಥ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಎರಡು ವರ್ಷದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಲ್ಲಿನಂತೆ ಕೂತಿದ್ದಳು.

ನಾನು ಹೆಂಗಸು, ಹಿರಿಯರ ನಡುವೆ ಮಾತಾಡುವ ರೂಢಿಯಿಲ್ಲ. ಎದ್ದು ಹೋಗಿ ಸಿಸ್ಟರನ್ನೇ ಕೇಳಿದೆ: “ಖರೇ ಹೇಳವ್ವಾ, ಅಂವ ಅದಾನೋ ಇಲ್ಲೋ?”

ಅವಳು ನೇರವಾಗಿ ಉತ್ತರ ಕೊಡಲಿಲ್ಲ. ಡಾಕ್ಟರನ್ನು ಕೇಳಿ ಬಂದು, “ಅಕ್ಕಾರ, ಈಗ ನಿದ್ದಿ ಔಷಧ ನಿಲ್ಲಿಸೇವಿ. ಒಂದ್ ತಾಸ ಬಿಟ್ಟು ನೀವು, ಅವರ ಮನಿಯವರು ಒಳಗ ಬರ್ರಿ” ಎಂದಳು.

ನಳಿಕೆಯ ಕಿರಿಕಿರಿ ತಾಳಲಾರದೆ ಕಿತ್ತುಕೊಳ್ಳಬಾರದೆಂದು ರೋಗಿಗೆ ನಿದ್ದೆಯ ಔಷಧಿ ಕೊಟ್ಟಿರುತ್ತಾರೆ. ದಿನಕ್ಕೊಮ್ಮೆ ಅದನ್ನು ನಿಲ್ಲಿಸಿ, ಎಚ್ಚರವಾಗುತ್ತದೆಯೇ, ತಾನಾಗಿ ಉಸಿರೆಳೆಯುತ್ತಾನೆಯೇ ಎಂದು ನೋಡುವ ಪದ್ಧತಿ ಇದೆ. ಅಮೆರಿಕದ ಶಿಕಾಗೋದ ವೈದ್ಯರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೀಗೆ ದಿನವೂ ಎಚ್ಚರಿಸಿದವರು ಸುಮಾರು 5 ದಿನಕ್ಕೆ ಯಂತ್ರದಿಂದ ಬಿಡುಗಡೆಯಾದರೆ, ಉಳಿದವರಿಗೆ 7 ದಿನಕ್ಕಿಂತ ಹೆಚ್ಚು ಬೇಕಾಯಿತು. ಹತ್ತಿರವೇ ನಿಂತು ನೋಡುವ ನರ್ಸ್ ಇದ್ದರೆ ಮಾತ್ರ ಇದು ಸಾಧ್ಯ.

ನೆಗೆಣ್ಣಿಯನ್ನು ಕರೆದುಕೊಂಡು ಒಳಗೆ ಹೋದೆ. ಸಿಸ್ಟರ್ ಅವನ ಕಿವಿಯ ಹತ್ತಿರ ಬಾಗಿ, “ನಿಮ್ಮ ವೈನಿ ಬಂದಾರ, ಮನಿಯವರೂ ಬಂದಾರ. ಕೇಳಿಸಿದ್ರ ಬಳ್ಳ ಅಲ್ಲಾಡಸ್ರಿ” ಎಂದಳು. ಏನೂ ಇಲ್ಲ. ಮತ್ತೊಮ್ಮೆ ಕೂಗಿದಳು. ರೆಪ್ಪೆ ಅದುರಿತು. ನೆಗೆಣ್ಣಿಯ ಅಂಗೈಯಲ್ಲಿದ್ದ ಅವನ ಹೆಬ್ಬೆರಳು ಮೆಲ್ಲಗೆ, ಇರುವೆ ಹರಿದಷ್ಟು ಮೆಲ್ಲಗೆ, ಒತ್ತಿತು. ಕಣ್ಣಿನ ಮೂಲೆಯಿಂದ ನೀರು ಇಳಿಯಿತು.

ನೆಗೆಣ್ಣಿ ಹೊರಗೆ ಬಂದು ಹಿರಿಯರೆಲ್ಲರ ಎದುರು, “ಅದಾರ. ನಾ ಒಯ್ಯಾಕ ಬಿಡೂದಿಲ್ಲ” ಎಂದಳು. ಅವಳು ಹಾಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಾಕಾ ಸುಮ್ಮನಾದರು. ಸಂಜೆ ತಾವೇ ಒಳಗೆ ಹೋಗಿ ನೋಡಿ ಬಂದು ಕಣ್ಣೊರೆಸಿಕೊಂಡರು.

ಸತ್ತವರನ್ನು ವೆಂಟಿಲೇಟರ್ ಬದುಕಿಸಿಡುವುದಿಲ್ಲ, ಸೋದರಿಯರೇ. ಅದು ಗಾಳಿ ತಳ್ಳಬಲ್ಲದೇ ಹೊರತು ನಿಂತ ಹೃದಯವನ್ನು ಬಡಿಸಲಾರದು. ಹೃದಯ ನಿಂತರೆ ಮೈ ತಣ್ಣಗಾಗುತ್ತದೆ, ಮರೆಮಾಚಲು ಬರುವುದಿಲ್ಲ. ಸಂಶಯವಿದ್ದರೆ ಡಾಕ್ಟರನ್ನು ನೇರವಾಗಿ ಕೇಳಿ, ಒಳಗೆ ಹೋಗಿ ನೋಡಿ. ಸಂಶಯದ ಮೇಲೆ ಮಾತ್ರ ನಳಿಕೆ ಕೀಳಿಸಿ ಮನೆಗೆ ಒಯ್ಯಬೇಡಿ.

ಆದರೆ ಇದರ ಇನ್ನೊಂದು ಮಗ್ಗಲನ್ನೂ ಮುಚ್ಚಿಡುವುದಿಲ್ಲ. ನಮ್ಮ ಪಕ್ಕದ ಹಾಸಿಗೆಯಲ್ಲಿದ್ದ ಅಜ್ಜ ಏಳನೆಯ ದಿನ ತೀರಿಕೊಂಡರು. ಅವರ ರೋಗವೇ ಬೇರೆ, ಡಾಕ್ಟರು ಮೊದಲೇ ತಿಳಿಸಿದ್ದರು. ಅಂಥ ಹೊತ್ತಿನಲ್ಲಿ ಸಿಸ್ಟರ್ ಮಕ್ಕಳನ್ನು ಒಳಗೆ ಕರೆಸಿ ಅಜ್ಜನ ಕೈ ಹಿಡಿಸಿದಳು, ಪರದೆ ಎಳೆದಳು, ಮುಖ ಒರೆಸಿ ಕೂದಲು ಬಾಚಿದಳು. ಉಳಿಸುವುದು ಮಾತ್ರ ಶುಶ್ರೂಷೆಯಲ್ಲ, ಮರ್ಯಾದೆಯಿಂದ ಕಳಿಸಿಕೊಡುವುದೂ ಶುಶ್ರೂಷೆಯೇ.

“ವೈನಿ, ನೀರು”

ಆಮೇಲೆ ದಿನವೂ ಯಂತ್ರದ ನೆರವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದರು. ಅರ್ಧ ತಾಸು ತಾನಾಗಿ ಉಸಿರಾಡಲು ಬಿಟ್ಟು ನೋಡುವರು, ದಣಿದರೆ ಮತ್ತೆ ಯಂತ್ರ. ಮಾತಾಡಲು ಬಾರದೆ ಅವನು ಸಿಟ್ಟಾಗಿ ಕೈ ಬಡಿಯುತ್ತಿದ್ದ. ನಳಿಕೆ ಧ್ವನಿಪೆಟ್ಟಿಗೆಯ ನಡುವೆಯೇ ಹಾಯ್ದು ಹೋಗುವುದರಿಂದ ದನಿ ಬರುವುದಿಲ್ಲ. ನಾನು ಮಗನ ಪಾಟಿ, ಬಳಪ ತರಿಸಿಕೊಟ್ಟೆ. ಸಿಸ್ಟರ್ ಒರೆಸಿ ಶುದ್ಧ ಮಾಡಿ ಅವನ ಕೈಗಿತ್ತಳು. ನಡುಗುವ ಕೈಯಿಂದ ಅವನು ಬರೆದ ಮೊದಲ ಅಕ್ಷರ ಏನು ಗೊತ್ತೇ? ‘ಎತ್ತು’! ಎತ್ತುಗಳಿಗೆ ಮೇವು ಹಾಕಿದರೋ ಇಲ್ಲವೋ ಎಂಬ ಚಿಂತೆ.

ಒಂಬತ್ತನೆಯ ದಿನ ನಳಿಕೆ ತೆಗೆದರು. ಒಡಕು ದನಿಯಲ್ಲಿ “ವೈನಿ, ನೀರು” ಎಂದ. ಕೊಡಲು ನಾನು ತಂಬಿಗೆ ಎತ್ತಿದರೆ ಸಿಸ್ಟರ್ ಮತ್ತೆ ಕೈ ಹಿಡಿದಳು. ನುಂಗುವ ಶಕ್ತಿ ಬಂದಿದೆಯೇ ಎಂದು ಪರೀಕ್ಷಿಸದೆ ಗುಟುಕು ನೀರೂ ಇಲ್ಲ. ಈ ಸಲ ಅತ್ತೆಯವರೇ ನನ್ನನ್ನು ಗದರಿಸಿದರು: “ಸಿಸ್ಟರ್ ಹೇಳೂತನಾ ತಡಿಯವಾ!”

ಮನೆಗೆ ಬಂದ ಮೇಲೂ ಕೂಡಲೇ ಎಲ್ಲ ಸರಿಹೋಗಲಿಲ್ಲ. ತೊಡೆಯ ಮಾಂಸ ಕರಗಿತ್ತು. ಹತ್ತು ಹೆಜ್ಜೆಗೆ ದಮ್ಮು. ರಾತ್ರಿ ಬೆಚ್ಚಿಬಿದ್ದು ಏಳುತ್ತಿದ್ದ. ಯಂತ್ರದ ಕೂಗು ಕೇಳಿಸುತ್ತದೆ ಎನ್ನುತ್ತಿದ್ದ. ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ತೀವ್ರ ನಿಗಾ ಘಟಕದಿಂದ ಬಂದ ಬಹಳ ಜನರಿಗೆ ಹೀಗಾಗುತ್ತದೆ, ತಿಂಗಳುಗಟ್ಟಲೆ ಇರಬಹುದು. ಮೊದಲು ಗಟ್ಟಿ ಗಂಜಿ, ಮೆತ್ತಗಿನ ನುಚ್ಚು-ಮೊಸರು. ನುಂಗುವುದು ಸರಿಯಾದ ಮೇಲೆ ಹೆಸರುಬೇಳೆಯ ತೊವ್ವೆ, ಶೇಂಗಾ ಹಿಂಡಿ, ಮೆತ್ತಗಿನ ರೊಟ್ಟಿ ಕೊಟ್ಟೆ. ದಿನವೂ ಅಂಗಳದಲ್ಲಿ ಒಂದೊಂದು ಸುತ್ತು ಹೆಚ್ಚು ನಡೆಸಿದೆವು. ಸುಗ್ಗಿಗೆ ಅವನು ಹೊಲದ ಬದುವಿನ ಮೇಲೆ ಕೂತು ಆಳು ಮಾಡಿಸುವಷ್ಟಾದ.

ನಿಮ್ಮವರೊಬ್ಬರು ಯಂತ್ರದ ಮೇಲಿದ್ದರೆ

1. ಒಳಗೆ ಹೋಗುವ ಮೊದಲು, ಬಂದ ಮೇಲೆ ಕೈ ತೊಳೆಯಿರಿ. ನೆಗಡಿ, ಕೆಮ್ಮು ಇದ್ದವರು ಹೋಗಬೇಡಿ.

2. ಬಾಯಿಗೆ ಹಾಲು, ನೀರು, ತೀರ್ಥ, ಜೇನು ಏನನ್ನೂ ಹಾಕಬೇಡಿ.

3. ಕಿವಿಯ ಬಳಿ ಮಾತಾಡಿ. ಹೆಸರು ಹಿಡಿದು ಕರೆಯಿರಿ. ಇಂದು ಯಾವ ವಾರ, ಮನೆಯಲ್ಲಿ ಏನು ನಡೆದಿದೆ ಹೇಳಿ. ಉತ್ತರ ಬಾರದಿದ್ದರೂ ಕೇಳಿಸಬಹುದು. ಮಂಚದ ಬಳಿ ಅಳುವುದು, ಸಾಲದ ಮಾತು ಬೇಡ.

4. ಕೈ ಮೆತ್ತಗೆ ಕಟ್ಟಿದ್ದರೆ ಗಾಬರಿಯಾಗಬೇಡಿ, ನಳಿಕೆ ಕೀಳದಿರಲೆಂದು. ಎಷ್ಟು ದಿನ, ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

5. ನಯವಾಗಿ ಕೇಳಿ: ತಲೆಯ ಕಡೆ ಎತ್ತರವಿದೆಯೇ? ಬಾಯಿ ಶುದ್ಧ ಮಾಡಿದ್ದೀರಾ? ಮಗ್ಗಲು ಬದಲಿಸಿದ್ದೀರಾ? ಬೆನ್ನಿಗೆ ಹುಣ್ಣಾಗಿದೆಯೇ? ಇಂದು ಎಚ್ಚರಿಸಿ ನೋಡಿದಿರಾ? ಒಳ್ಳೆಯ ಸಿಸ್ಟರುಗಳಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ.

6. ಯಂತ್ರ ಕೂಗಿದಾಗಲೆಲ್ಲ ಕಿರುಚಬೇಡಿ. ಕಫಕ್ಕೂ, ಕೆಮ್ಮಿಗೂ, ಕೊಳವೆ ಮಡಿಚಿದ್ದಕ್ಕೂ ಅದು ಕೂಗುತ್ತದೆ. ಸಿಸ್ಟರನ್ನು ಕರೆಯಿರಿ. ನೀವಾಗಿ ಯಾವ ಗುಂಡಿಯನ್ನೂ ಒತ್ತಬೇಡಿ.

7. ಮನೆಯಿಂದ ಒಬ್ಬರೇ ಡಾಕ್ಟರೊಡನೆ ಮಾತಾಡಿ, ದಿನದ ಸಂಗತಿ ಬರೆದಿಟ್ಟುಕೊಳ್ಳಿ. ಬಿ.ಪಿ.ಎಲ್. ಕಾರ್ಡಿದ್ದರೆ ಸೇರಿಸಿದ ದಿನವೇ ಆರೋಗ್ಯ ಮಿತ್ರರನ್ನು ಕಂಡು ಸರಕಾರದ ಆರೋಗ್ಯ ಯೋಜನೆಯ ನೆರವು ಕೇಳಿ. ನಾವು ಅದನ್ನು ಕೇಳುವ ಮೊದಲೇ ಬಿಲ್ವಾರ ಬಿಚ್ಚಿದ್ದೆವು.

ಎಣ್ಣೆ ಹೊಡೆಯುವ ಮನೆಗಳಲ್ಲಿ

ತುಂಬು ತೋಳಿನ ಅಂಗಿ, ಕೈಗವಸು, ಬಾಯಿ-ಮೂಗಿಗೆ ಮುಸುಕು ಇಲ್ಲದೆ ಹೊಲಕ್ಕೆ ಕಳಿಸಬೇಡಿ. ಗಾಳಿಗೆ ಎದುರಾಗಿ ಹೊಡೆಯುವುದು, ಕೈಯಿಂದ ಕಲಸುವುದು, ನಡುವೆ ತಂಬಾಕು ತಿನ್ನುವುದು ಬೇಡ. ಸೋರುವ ಪಂಪನ್ನು ಮೊದಲು ರಿಪೇರಿ ಮಾಡಿಸಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಖಾಲಿ ಡಬ್ಬಿಯಲ್ಲಿ ನೀರು, ಕಾಳು ತುಂಬಿಡಬೇಡಿ.

ತಲೆ ಸುತ್ತು, ವಾಂತಿ, ಜೊಲ್ಲು, ಬೆವರು, ಕಣ್ಣು ಮಂಜು ಕಂಡರೆ ಕೂಡಲೇ ಬಟ್ಟೆ ತೆಗೆದು, ನಿಮ್ಮ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಸೋಪು ಹಚ್ಚಿ ಮೈ, ತಲೆ ತೊಳೆಯಿರಿ. ವಾಂತಿ ಮಾಡಿಸಬೇಡಿ, ಏನನ್ನೂ ಕುಡಿಸಬೇಡಿ. ಎಡ ಮಗ್ಗಲಿಗೆ ಮಲಗಿಸಿ. 108ಕ್ಕೆ ಫೋನು ಮಾಡಿ. ಎಣ್ಣೆಯ ಡಬ್ಬಿಯನ್ನು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ, ಡಾಕ್ಟರಿಗೆ ಅದರ ಹೆಸರೇ ದೊಡ್ಡ ದಾರಿ.

ಕೊನೆಗೆ ಒಂದು ಮಾತು. ನಮ್ಮ ಕಡೆ ಹೆಣ್ಣುಮಕ್ಕಳನ್ನು ನರ್ಸಿಂಗ್‌ಗೆ ಕಳಿಸಲು ಇನ್ನೂ ಹಿಂದೆ ಮುಂದೆ ನೋಡುತ್ತಾರೆ. ‘ರಾತ್ರಿ ಪಾಳಿ, ಪರ ಗಂಡಸರ ಮೈ ಮುಟ್ಟುವ ಕೆಲಸ, ನಾಳೆ ವರ ಸಿಗುತ್ತಾನೋ ಇಲ್ಲವೋ’ ಎಂಬ ಮಾತು ನನ್ನ ಬಾಯಿಂದಲೂ ಒಂದು ಕಾಲಕ್ಕೆ ಬಂದದ್ದೇ. ಹೋದ ವರ್ಷ ನನ್ನ ಮಗಳು ಪಿ.ಯು.ಸಿ. ಮುಗಿಸಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಸೇರುತ್ತೇನೆಂದಳು. ಮನೆಯಲ್ಲಿ ಯಾರಾದರೂ ಬೇಡ ಎನ್ನುವ ಮೊದಲೇ ಅತ್ತೆಯವರು, “ಹೋಗಲಿ ಬಿಡ್ರಿ. ನನ್ನ ಮಗನ ಉಸರ ಕಾದಾಕೀನೂ ಯಾರದೋ ಮನಿ ಮಗಳ” ಎಂದುಬಿಟ್ಟರು.

ಈಗ ಅವಳು ಮೊದಲ ವರ್ಷದಲ್ಲಿದ್ದಾಳೆ. ಮೊನ್ನೆ ರಜೆಗೆ ಬಂದಾಗ ಅಜ್ಜಿಗೆ ಕೈ ತೊಳೆಯುವ ಕ್ರಮ ಕಲಿಸುತ್ತಿದ್ದಳು. ಬೆರಳ ಸಂದಿ, ಹೆಬ್ಬೆರಳು, ಉಗುರು... ಅತ್ತೆಯವರು ಬಚ್ಚಲ ಕಟ್ಟೆಯ ಮೇಲೆ ಕೂತು ಸಣ್ಣ ಮಗುವಿನಂತೆ ತೊಳೆಯುತ್ತಿದ್ದರು.